ಬೈತಖೋಲದ ಚೀಟಿ

ನಾನು ಬರೆಯುವವ, ಆಡುವವನಲ್ಲ.
ಪೊಲೀಸರಿಗೂ ಹೆಂಡತಿಗೂ ಇದನ್ನೇ ಹೇಳಿ ಹೇಳಿ
ಈಗ ಕವಳ ಉಗಿದಷ್ಟು ಸಲೀಸು.

ಬಂದರಿನಲ್ಲಿ ನನ್ನ ಗೂಡಂಗಡಿ, ಐಸ್ ಫ್ಯಾಕ್ಟರಿಯ ಬೆನ್ನಿಗೆ.
ಮುಂದೆ ಬಾಳೆಗೊನೆ, ಬೀಡಿ, ಬಿಸ್ಕಿಟು.
ಹಿಂದೆ, ಸಿಗರೇಟಿನ ಖಾಲಿ ಪ್ಯಾಕಿನೊಳಗೆ
ಸೊನ್ನೆಯಿಂದ ಒಂಬತ್ತು.

ನಾಲ್ಕು ಗಂಟೆಗೆ ಬರುತ್ತಾರೆ ಬೋಟಿನ ಹುಡುಗರು
ಬಂಗಡೆ ಸುರಿದ ಕೈ ತೊಳೆಯದೆ.
ಹತ್ತರ ನೋಟಿಗೆ ಹುರುಪೆ ಅಂಟಿರುತ್ತದೆ.
ಒಂದಕ್ಕೆ ಎಂಬತ್ತು, ಅಷ್ಟು ಗೊತ್ತು ಅವರಿಗೆ,
ಬೇರೆ ಕನ್ನಡ ಗೊತ್ತಿಲ್ಲ.

ಕನಸಿನಲ್ಲಿ ಹಾವು ಬಂದರೆ ಏಳು.
ತಾಯಿ ಬಂದರೆ ಎರಡು. ಅಳುವ ತಾಯಿ ಬಂದರೆ
ಅವತ್ತು ಆಡಬಾರದು. ಆಡುತ್ತಾರೆ.
ಕೆಟ್ಟ ಎಂಜಿನ್ನಿನ ನಂಬರು,
ಮಾಲಿಕನ ಸ್ಕೂಟರಿನ ಕೊನೆಯೆರಡು ಅಂಕೆ,
ದಡಕ್ಕೆ ಬಿದ್ದ ಸತ್ತ ಆಮೆಯ ಬೆನ್ನಿನ ಚೌಕ
ಮೂಗು ಮುಚ್ಚಿಕೊಂಡು ಎಣಿಸಿ ಬಂದವನೂ ಇದ್ದ.

ಅವರಲ್ಲೊಬ್ಬ ರಾಜು.
ಬೋಟಿಗೊಬ್ಬ ರಾಜು ಇರುತ್ತಾನೆ;
ಒಂದೇ ಆಧಾರ್ ಕಾರ್ಡಿನ ಜೆರಾಕ್ಸು
ಮೂರು ಬೋಟಿನಲ್ಲಿ ಮೀನು ಹಿಡಿಯುತ್ತದೆ.
ಯಾವೂರು ಅಂದರೆ ಒಮ್ಮೆ ಮಾಲ್ಡಾ, ಒಮ್ಮೆ ಬಾಲಸೋರ್,
ಕುಡಿದಾಗ ಮಾತ್ರ, "ನದಿ ತಿಂದಿತು."
ಯಾವ ನದಿ, ಅದರ ಯಾವ ದಡ, ನಾನು ಕೇಳಲಿಲ್ಲ.
ನನ್ನೂರನ್ನು ನೌಕಾನೆಲೆ ತೆಗೆದುಕೊಂಡಿತ್ತು.
ಊರಿಲ್ಲ, ಒಂದು ಟ್ರಂಕು ಕಾಗದವಿದೆ:
ನೋಟೀಸು, ಹಳೇ ಪಹಣಿ, ಪರಿಹಾರದ ಅರ್ಜಿ,
ಅರ್ಜಿಗೆ ಬಂದ ಹಿಂಬರಹ, ಹಿಂಬರಹಕ್ಕೆ ಕೊಟ್ಟ ಅರ್ಜಿ.
ಅವನಿಗೆ ಅದೂ ಇಲ್ಲ.

ಜೂನ್ ಬಂತು. ಬೋಟೆಲ್ಲ ಟಾರ್ಪಾಲು ಹೊದ್ದು ಮಲಗಿದವು.
ಊರಿದ್ದವರು ರೈಲು ಹತ್ತಿದರು.
ಇಲ್ಲದವರು ಬಲೆಯ ಶೆಡ್ಡಿನಲ್ಲಿ ಅರವತ್ತೊಂದು ದಿನ
ಅಂದರ್, ಬಾಹರ್. ಅಂದರ್, ಬಾಹರ್.
ಜೀಪಿನ ಲೈಟು ಸುಳಿದರೆ
ಎಲೆಯೂ ಮೇಣಬತ್ತಿಯೂ ಮನುಷ್ಯರೂ ಬಲೆಯಡಿಗೆ.

ಆ ಮಳೆಯಲ್ಲೇ ರಾಜು ಬಂದು ಏಳು-ಎರಡು ಬರೆಸಿದ,
ಐವತ್ತು ರೂಪಾಯಿ.
ತಾಯಿ ಅಳುತ್ತಿದ್ದಳಾ? ಕೇಳಲಿಲ್ಲ.
ಚೀಟಿ ಹರಿಯುವಾಗ ಕೈ ಹಿಡಿದ.
"ಹೆಸರು ಬರಿ, ದಾದಾ."
ಓಸಿ ಚೀಟಿಗೆ ಹೆಸರು ಬರೆಯುವುದುಂಟಾ ಮಾರಾಯಾ,
ಸಿಕ್ಕಿದರೆ ಇಬ್ಬರೂ ಒಳಗೆ.
"ಬರಿ."
ರಾಜು ಎಂದು ಬರೆದೆ. ತಲೆ ಅಲ್ಲಾಡಿಸಿದ.
ಬಗ್ಗಿ, ಐಸ್ ಮಷಿನ್ನಿನ ಗದ್ದಲದೊಳಗೆ, ನನ್ನ ಕಿವಿಗೆ ಹೇಳಿದ.
ಬರೆದುಕೊಟ್ಟೆ, ಕನ್ನಡದಲ್ಲಿ, ನನಗೆ ಬರುವುದು ಅದೇ.
ಅವನಿಗೆ ಓದಲು ಬಾರದು.
ಗುಂಡಗಿನ ಅಕ್ಷರಗಳನ್ನು ಒಂದೊಂದೇ ಉಗುರಿನಿಂದ ಮುಟ್ಟಿ
ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ
ಬನಿಯನ್ನಿನೊಳಗೆ ಇಟ್ಟುಕೊಂಡ.

ರಾತ್ರಿ ಓಪನ್ ಏಳು.
ಕ್ಲೋಸ್ ಎರಡು.

ನಾಲ್ಕು ಸಾವಿರ. ಬೆಳಿಗ್ಗೆ ಬಂದ, ಕಣ್ಣು ಕೆಂಪು.
ಶೆಡ್ಡಿನಲ್ಲಿ ಅವನ ಮೇಲೆ ಮೂರು ಸಾವಿರ ಸಾಲವಿತ್ತು,
ಎಲ್ಲರಿಗೂ ಗೊತ್ತಿತ್ತು.
ಚೀಟಿ ಕೊಡು, ದುಡ್ಡು ತಗೋ, ಅಂದೆ.
ಚೀಟಿ ಏನು ಮಾಡ್ತೀಯಾ?
ಸುಡ್ತೇನೆ. ಸುಡಬೇಕು. ಅದೇ ಕ್ರಮ.
ಬನಿಯನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತ.
ಒಂದು ಬೀಡಿ ಕೇಳಿದ. ಸೇದಿದ.
"ನಾಳೆ," ಅಂದ.

ಮರುದಿನವೂ ನಾಳೆ ಅಂದ.
ಹೀಗೇ ಹದಿನೈದು ದಿನ. ಶೆಡ್ಡಿನವರು ಹೊಡೆದರಂತೆ,
ತುಟಿ ಬಾತಿತ್ತು. ಮರುಳ, ಅಂದೆ ನಾನೂ.
ಆಗಸ್ಟಿನ ಮೊದಲ ಬೋಟಿಗೆ ಕಾರ್ಡು ತಪಾಸಣೆ ಬಂತು.
ಮೂವರು ರಾಜುಗಳಲ್ಲಿ ಒಬ್ಬನನ್ನು ಕರೆದೊಯ್ದರು.
ಇನ್ನೊಬ್ಬ ಹೆಸರು ಬದಲಿಸಿಕೊಂಡ.
ಇವನು ಮಲ್ಪೆಯಲ್ಲಿದ್ದಾನೆ ಅಂತಾರೆ,
ರತ್ನಾಗಿರಿ ಅಂತಲೂ ಅಂತಾರೆ.

ನನ್ನ ಕಾರ್ಬನ್ ಪ್ರತಿಯನ್ನು ಅವತ್ತೇ ಸುಡಬೇಕಿತ್ತು.
ಟ್ರಂಕಿನಲ್ಲಿದೆ, ಪಹಣಿಯ ಕೆಳಗೆ.
ದುಡ್ಡೂ ಇದೆ. ಒಂಬೈನೂರು ಕಡಿಮೆ,
ಸಿಲಿಂಡರಿಗೆ ಹೋಯಿತು, ತುಂಬಿಸಿಡಬೇಕು.

ನಾಲ್ಕು ಗಂಟೆ. ಹೊಸ ಹುಡುಗರು.
ಹತ್ತರ ನೋಟು ಚಾಚುತ್ತಾರೆ.
ಕಡ್ಡಿಪೆಟ್ಟಿಗೆಯ ಅಂಚಿನಿಂದ ಹುರುಪೆ ಕೆರೆಯುತ್ತೇನೆ,
ನಂಬರು ಕೇಳುತ್ತೇನೆ.