ಕೆಮ್ಮು

ಡುಲೂತ್ ಊರಿನ ಸರೋವರ ಹೆಪ್ಪುಗಟ್ಟಿ
ಅದಿರಿನ ಹಡಗುಗಳು ಕೆಲಸವಿಲ್ಲದೆ ನಿಂತ ಚಳಿಗಾಲ.
ಬಟ್ಟೆ ಒಗೆಯುವ ಅಂಗಡಿಯ ನೆಲಮಾಳಿಗೆ,
ಐದು ಮಂದಿ, ಒಂದು ಬಲ್ಬು,
ತಲೆಯ ಮೇಲೆ ಗಡಗಡ ತಿರುಗುವ ಯಂತ್ರಗಳು.
ಆರಿನ್ ಲಿಂಡ್‌ಕ್ವಿಸ್ಟ್, ಹಡಗುಕಟ್ಟೆಯ ಆಳು,
ಮೇಜಿನ ತುದಿಗೆ ರಟ್ಟಿನ ತಡಿಕೆ ನಿಲ್ಲಿಸಿ
ಹಿಂದೆ ಕೂತನೆಂದರೆ ಅವನೇ ಕಾಡು, ಅವನೇ ಕೋಟೆ,
ಸೇತುವೆ ಕೆಳಗಿನ ರಕ್ಕಸ, ರಕ್ಕಸನ ಹೆಂಡತಿ ಕೂಡ.

ದಾಳಕ್ಕೆ ಇಪ್ಪತ್ತು ಮುಖ. ಅಗ್ಗದ ಪ್ಲಾಸ್ಟಿಕ್ಕು.
ಅಂಕಿ ಕಾಣಲೆಂದು ಮೇಣದ ಬಳಪ ತಿಕ್ಕಿದವರು ನಾವೇ.
ಮಾರ್ಚಿ ಬರುವಷ್ಟರಲ್ಲಿ ಅಂಚು ಸವೆದು ಗೋಲಿಯಾಗಿ
ಹಣೆಬರಹ ಉರುಳಿ ಉರುಳಿ ಬಾಯ್ಲರಿನ ಕೆಳಗೆ ಹೋಗಿ ಕೂರುತ್ತಿತ್ತು.
ಬಗ್ಗಿ, ಕಡ್ಡಿ ಗೀರಿ, ಓದಬೇಕು.

ಜೀವ ಎಂದರೆ ಹನ್ನೊಂದು.
ಈಟಿ ತಾಗಿದರೆ ಏಳು.
ಪೆನ್ಸಿಲಿನ ಅಂಕಿ ಉಜ್ಜಿ ಉಜ್ಜಿ ಕಾಗದವೇ ತೂತಾಗಿ
ನನ್ನ ಕುಳ್ಳ ಕಮ್ಮಾರನಿಗೆ ಎದೆಯ ಜಾಗದಲ್ಲಿ ಬೆಳಕು.

ನಕ್ಷೆ ನನ್ನ ಪಾಲು. ಲೆಕ್ಕದ ಪುಸ್ತಕದ ಚೌಕುಳಿ ಹಾಳೆ,
ಒಂದು ಮನೆಗೆ ಹತ್ತು ಅಡಿ.
ಓರೆಗೆರೆ ಎಳೆದರೆ ಮನೆ ಎಣಿಸಲು ಬಾರದು,
ಹಾಗಾಗಿ ನಮ್ಮ ಪಾತಾಳದಲ್ಲಿ ಒಂದೂ ಓರೆ ಇರಲಿಲ್ಲ.

ಆಮೇಲಿನ ಮೂವತ್ತು ವರ್ಷ ಅದೇ ಹೊಟ್ಟೆಪಾಡು.
ಮಿನಿಯಾಪೊಲಿಸ್, ಆರನೇ ಮಹಡಿ.
ಹನ್ನೊಂದು ಹೋಗಿ ಕೆಂಪು ಪಟ್ಟಿ ಬಂತು.
ಹುಡುಗರು ಕೇಳುತ್ತಾರೆ: ಗುಹೆಗೆ ಯಾಕೆ ಆಸ್ಪತ್ರೆಯ ಮೂಲೆ?
ಏನು ಹೇಳಲಿ. ಪುಸ್ತಕ ಚೌಕುಳಿಯದಿತ್ತು, ಮಕ್ಕಳೇ.
ಕವಚ ಗಟ್ಟಿಯಾದಷ್ಟೂ ಅಂಕಿ ಇಳಿಯಬೇಕೆಂಬ
ಆ ವಕ್ರ ಲೆಕ್ಕವನ್ನೂ ತಿದ್ದದೆ ಹೊತ್ತು ತಂದೆವು,
ತಾಯಿಯ ಮೂಗನ್ನು ಮಕ್ಕಳು ಹೊತ್ತು ತರುವ ಹಾಗೆ.

ಬಾಣದ ಎಣಿಕೆ ಬಂತು, ಚೀಲದ ಭಾರ ಬಂತು,
ಒಮ್ಮೆ ಹೇಳಿದ ಮಂತ್ರ ಮಲಗಿ ಏಳುವವರೆಗೂ ಮರೆತುಹೋಗುವುದು ಬಂತು.
ಬಾರದೆ ಉಳಿದದ್ದು ಇದು:
ನನ್ನ ತಮ್ಮ ವೆಂಡೆಲ್ ಒಮ್ಮೆ ಕತ್ತಿ ಕೆಳಗಿಟ್ಟು
ರಕ್ಕಸನನ್ನು ಕೇಳಿದ, "ಊಟ ಆಯ್ತಾ?"
ಯಾವ ಪುಟದಲ್ಲೂ ಇಲ್ಲದ ಪ್ರಶ್ನೆ.
ಆರಿನ್ ತುಸು ಯೋಚಿಸಿ, ದನಿ ದಪ್ಪ ಮಾಡಿ,
"ನಿನ್ನೆಯಿಂದ ಇಲ್ಲ" ಎಂದ.
ಆ ರಾತ್ರಿ ಯಾರೂ ಸಾಯಲಿಲ್ಲ. ಬುತ್ತಿ ಖಾಲಿಯಾಯಿತು.
ನನ್ನ ಯಂತ್ರಕ್ಕೆ ಕೇಳಿ ನೋಡಿ.
ಹೊಡಿ, ಓಡು, ಮಾರು. ಮೂರೇ ಗುಂಡಿ.

ಮತ್ತೆ ಆ ಕೆಮ್ಮು.
ಉರುಳಿದ ಗರ ಯಾರ ಕೊರಳಿಗಾದರೂ ಬರುವಂತಿದ್ದರೆ
ತಡಿಕೆಯ ಹಿಂದೆ ಸಣ್ಣಗೊಂದು ಕೆಮ್ಮು,
ಅಷ್ಟರಲ್ಲಿ ದಾಳ ಅವನ ಅಂಗೈಯೊಳಗೆ.
"ತಪ್ಪಿತು. ಈಟಿ ಬಾಗಿಲಿಗೆ ನಾಟಿತು."
ಅದಿರಿನ ಧೂಳು ಇರಬೇಕು ಅಂದುಕೊಂಡಿದ್ದೆ, ಎಷ್ಟೋ ವರ್ಷ.

ಒಂದು ಸಲ ಕೆಮ್ಮಲಿಲ್ಲ.
ಎಲ್ಲರೂ ಬೇಡವೆಂದರೂ ಹೊಂಡ ಹಾರಿದವಳು ನಾನೇ.
ಕಮ್ಮಾರ ಸತ್ತ. ಮನೆವರೆಗೂ ಅತ್ತೆ,
ಕಣ್ಣೀರು ರೆಪ್ಪೆಯಲ್ಲೇ ಮಂಜಾಯಿತು.
ಮುಂದಿನ ಗುರುವಾರ ಹೊಸ ಹಾಳೆ.

ನಮ್ಮ ಆಟದೊಳಗೆ, ತೀರಾ ಆಳದಲ್ಲಿ, ಒಂದು ಸಾಲಿದೆ:
ಮೂರು ಸಲ ಗರ ಕೆಟ್ಟವರಿಗೆ
ನಾಲ್ಕನೆಯದು ಕೂದಲೆಳೆಯಷ್ಟು ವಾಲುತ್ತದೆ.
ಹೊಸದಾಗಿ ಸೇರಿದ ಫರ್ಹಿಯಾ ಅದರ ಮೇಲೆ ಬೆರಳಿಟ್ಟಳು.
"ನೂರಕ್ಕೆ ಅರವತ್ತು ಅಂತ ತೋರಿಸಿ ಹಿಂದಿನಿಂದ ಹೀಗಾ?
ಮೋಸ ಅಲ್ವಾ? ಅದಕ್ಕೆ ಕೆಮ್ಮು ಅಂತ ಬೇರೆ ಹೆಸರು."
ಮೋಸವೇ, ಎಂದೆ. ಆರಿನ್ ಕತೆ ಹೇಳಿದೆ.

ಎರಡು ದಿನ ಬಿಟ್ಟು ತಿರುಗಿ ಬಂದಳು.
"ಮೂರೇ ಯಾಕೆ? ಅವನು ಎಣಿಸ್ತಿದ್ನಾ?"
ಇಲ್ಲ.
ಮುಖ ನೋಡುತ್ತಿದ್ದ.

ಅವಳು ಕುರ್ಚಿ ಎಳೆದುಕೊಂಡು
ಮೂರನ್ನು ಅಳಿಸಿ ಎರಡು ಮಾಡಿದಳು,
ಆಮೇಲೆ ಐದು, ತಿರುಗಿ ಮೂರು.
ಕತ್ತಲಾಗುವವರೆಗೂ ಅದನ್ನೇ ಮಾಡುತ್ತ ಕೂತಿದ್ದೆವು.