ಖಾಲಿ ಗಾಡಿಯ ತೂಕ

ಮೂರು ಸಲ ಬರೆದೆ ಕಾಗದ.
ಮೊದಲನೆಯದರಲ್ಲಿ ಕಾರಣಗಳೇ ಎರಡು ಪುಟ:
ಹನ್ನೊಂದು ವರ್ಷ, ಬೆನ್ನಿಲ್ಲದ ಸ್ಟೂಲು,
ಪಡುವಣ ಕಿಟಕಿ, ಮೂಗಿನೊಳಗೆ ಮೆಕ್ಕೆಜೋಳದ ಧೂಳು,
ಹೆಸರಿದ್ದರೂ 'ಏಯ್' ಅಂತಲೇ ಕರೆಯುವ ದನಿ.
ಎರಡನೆಯದರಲ್ಲಿ ಒಂದೇ ಮಾತು: ಆಗಲ್ಲ.
ಮೂರನೆಯದು ಎಲ್ಲರೂ ಬರೆಯುವಂಥದು.
ವೈಯಕ್ತಿಕ ಕಾರಣಗಳಿಂದ,
ಇಂದಿನಿಂದ ಮೂವತ್ತು ದಿನಕ್ಕೆ,
ತಮ್ಮ ವಿಶ್ವಾಸಿ, ಕೊಟ್ರಮ್ಮ.
ಎರಡು ಪ್ರತಿ.
ನನ್ನ ಪ್ರತಿಯ ಮೇಲೆ ಅವರ ಸಹಿ ಬೇಕಲ್ಲ.

"ಯಾರು ಜಾಸ್ತಿ ಕೊಡ್ತೀನಿ ಅಂದ್ರು?"
ಮುರಿಗೆಪ್ಪ ಸಾವ್ಕಾರ್ರು ಕನ್ನಡಕ ಹಣೆಗೇರಿಸಿದರು.
ಯಾರೂ ಇಲ್ಲ ಅಂದೆ.
"ಐನೂರು ಏರಿಸ್ತೀನಿ, ಕೂತ್ಕ ಹೋಗು."
ನಿಂತೇ ಇದ್ದೆ.
"ಹೋಗೋರಿಗೆ ಮೂವತ್ತು ದಿನ ಯಾಕವ್ವ, ನಾಳೆನೇ ಹೋಗು."

ತುಂಬಿದ ಲಾರಿಯನ್ನು ಒಮ್ಮೆ ತೂಗಿ
ಚೀಲ ಇಳಿಸಿ ಬಂದಮೇಲೆ ಮತ್ತೆ ತೂಗಬೇಕು,
ಖಾಲಿ ಗಾಡಿಯ ತೂಕ ಕೊಡದೆ ಹೋದವನ ಚೀಟಿ
ಮುಗಿಯುವುದೇ ಇಲ್ಲ ಅಂತ
ಸೇರಿದ ದಿನ ಹೇಳಿಕೊಟ್ಟವರು ಅವರೇ.
ಇದನ್ನು ಬಾಯಿಬಿಟ್ಟು ಅನ್ನಲಿಲ್ಲ.
ಸಹಿ ಬಿತ್ತು, ಮುದ್ರೆ ಸ್ವಲ್ಪ ಸೊಟ್ಟಗೆ.

ಮೊದಲ ಪ್ರತಿಯ ಎರಡು ಪುಟದಲ್ಲೂ
ಬರೆಯದೆ ಬಿಟ್ಟದ್ದು ಒಂದಿದೆ.

ಸೇರಿದ ವರ್ಷದ ಸುಗ್ಗಿಯಲ್ಲಿ ಅಂದಿದ್ದರು:
ಲಾರಿಗೆ ಐವತ್ತು ಕಿಲೋ ಕಡಿಮೆ ಬರಿ,
ತೇವ ಇರ್ತದೆ, ಧೂಳಿರ್ತದೆ, ಯಾರಿಗ್ ತಿಳೀತದೆ.
ಅವತ್ತು ಕೈ ನಡುಗಿ
ಸೊನ್ನೆಗಳು ಒಡೆದ ಬಳೆಯ ಹಾಗೆ ಬಿದ್ದಿದ್ದವು.

ಕಳೆದ ಕಾರ್ತಿಕದಲ್ಲಿ
ಡ್ರೈವರ್ ದಾದಾಪೀರ್ ಕಿಟಕಿಗೆ ಆತುಕೊಂಡು
ಮಗಳು ಹುಟ್ಟಿದಳಕ್ಕ ಅಂತ ಪೇಡೆ ಕೊಟ್ಟ.
ಎಡಗೈಯಲ್ಲಿ ತಗೊಂಡೆ,
ಬಲಗೈ ಬರೆಯುತ್ತಿತ್ತು,
ಐವತ್ತು ಕಡಿಮೆ, ಅಂಕಿಗಳೆಲ್ಲ ದುಂಡಗೆ, ಚೆಂದಗೆ.
ಪೇಡೆ ಸಿಹಿಯಾಗೇ ಇತ್ತು.

ಆ ಸಂಜೆ ಮಂಡಿಪೇಟೆಯಲ್ಲಿ
ಗೆರೆಯಿಲ್ಲದ ಕಾಗದ ಕೊಂಡೆ, ಎರಡು ರೂಪಾಯಿಯದು.

ಹತ್ತನೇ ದಿನ ತಿಪ್ಪೇಶ ಬಂದ,
ಕಿವಿಗೆ ಪೆನ್ನು ಸಿಕ್ಕಿಸಿಕೊಂಡು, ನನ್ನ ಜಾಗಕ್ಕೆ.
ಕಲಿಸಿದೆ:
ಮಳೆ ಬಂದರೆ ತಟ್ಟೆಯಡಿ ನೀರು ನಿಲ್ಲುತ್ತದೆ, ಅಂಕಿ ಈಜಾಡುತ್ತದೆ,
ಅದು ನಿಲ್ಲುವ ತನಕ ಬರೆಯಬೇಡ.
ಕ್ಲೀನರ್ ಹುಡುಗ ಕ್ಯಾಬಿನ್ನಲ್ಲಿ ಮಲಗಿರುತ್ತಾನೆ, ಎಬ್ಬಿಸಿ ಇಳಿಸು.
ಕಾರ್ಬನ್ ಹಾಳೆ ತಿರುಗಾಮುರುಗಾ ಇಟ್ಟೀಯ.
ಐವತ್ತರ ಪಾಠ ಮಾತ್ರ ಮಾಡಲಿಲ್ಲ,
ಅದಕ್ಕೆ ಸಾವ್ಕಾರ್ರಿದ್ದಾರೆ.
ಕೈ ನಡುಗಿದರೆ ನಡುಗಲಿ ಬಿಡು, ಅಂದೆ ಒಂದು ಮಧ್ಯಾಹ್ನ,
ಎಲ್ಲಿಂದಲೋ ಬಂದ ಮಾತು.
"ನಂಗ್ ಟೀ ಜಾಸ್ತಿ ಆದ್ರೆ ನಡುಗ್ತದಕ್ಕ" ಅಂತ ನಕ್ಕ ಹುಡುಗ.

ಕೊನೆಯ ದಿನ ಎರಡು ರಜೆ ಹಿಡಿದು
ಸಂಬಳ ಎಣಿಸಿಕೊಟ್ಟರು, ಚಿಲ್ಲರೆ ಸಮೇತ.
ಎಲ್ಲಿಗೆ ಹೋಗ್ತಿ ಅಂತ ಕೇಳಿದರು.
ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಚಪ್ಪಲಿ ಬಿಟ್ಟು ತಟ್ಟೆಯ ನಡುವೆ ನಿಂತೆ.
ಹನ್ನೊಂದು ವರ್ಷ ಕಿಟಕಿಯಿಂದ ನೋಡಿದ ಕಬ್ಬಿಣ
ಅಂಗಾಲಿಗೆ ಇಷ್ಟು ಬಿಸಿ ಅಂದುಕೊಂಡಿರಲಿಲ್ಲ.
"ಅರವತ್ತು!" ತಿಪ್ಪೇಶ ಕೂಗಿದ.
ಐವತ್ತಾರು ಕಣೋ ನಾನು.
"ಇದು ಹತ್ತರ ಲೆಕ್ಕದ್ದಕ್ಕ, ನಾಲ್ಕು ಇದಕ್ಕೆ ಕಾಣಲ್ಲ.
ಗಾಡಿ ನಂಬರ್ ಏನ್ ಬರೀಲಿ?"

ಸಂಜೆ, ಗಡಿಯಾರ ನೋಡುವ ಅಭ್ಯಾಸ ಕೈಯಲ್ಲೇ ಇತ್ತು,
ಬಸ್ ಸ್ಟ್ಯಾಂಡಿನ ಹಿಂದೆ ಭಟ್ಟಿಯ ಮುಂದೆ
ಇನ್ನೂ ಬೆಚ್ಚಗಿದ್ದ ಮಂಡಕ್ಕಿ ಕೊಳ್ಳಲು ನಿಂತೆ.
ಮುದುಕಿ ಸೇರು ತುಂಬಿದಳು, ಗೋಪುರದ ಹಾಗೆ,
ತುದಿಯಿಂದ ಜಾರಿದ್ದನ್ನು ಜಾರಲು ಬಿಟ್ಟು
ನನ್ನ ಚೀಲಕ್ಕೆ ಸುರಿದಳು.
ಆಮೇಲೆ, ಕೇಳದೆಯೇ,
ಇನ್ನೊಂದು ಹಿಡಿ.