ರಾತ್ರಿ ಪಾಳಿ, ಉಮ್ಮಲ್ ಕುವೈನ್

ಎಪ್ಪತ್ತು ಕೋಣೆಯ ಅರಮನೆ,
ಬೀಗದ ಕೈಗೊಂಚಲು ನನ್ನ ಸೊಂಟದಲ್ಲಿ.
ಯಾರೂ ಒಂದಿರುಳೂ ಮಲಗಿಲ್ಲವಂತೆ ಇಲ್ಲಿ;
ಆದರೂ ದಿಂಬುಗಳಲ್ಲಿ ತಲೆಯ ಗುಳಿ.

ಎರಡು ಗಂಟೆಗೆ ನೆಲಮಾಳಿಗೆಗೆ ಇಳಿದೆ.
ಮೆಟ್ಟಿಲು ಮುಗಿಯಲೇ ಇಲ್ಲ.

ಕೆಳಗೊಂದು ಕಾಡು:
ಅಂಗಳದ ಗಾಫ್ ಮರಗಳ ಬೇರೇ ಅಲ್ಲಿ ಮರ,
ಗಾಳಿಯಿಲ್ಲದೆ ತೂಗುತ್ತ,
ತುದಿತುದಿಗೆ ಉಪ್ಪುನೀರ ಹನಿ.
ನಡುವೆ ಇದೇ ಅರಮನೆ, ತಲೆಕೆಳಗು.
ಮುತ್ತು ಹೆಕ್ಕಲು ಮುಳುಗಿ ಏಳದೇ ಹೋದವರು
ಮೂಗಿನ ಚಿಮಟ ತೆಗೆಯದೆ
ಓಲಗದಲ್ಲಿ ಕೂತಿದ್ದರು.

ಮುಖವಿಲ್ಲದ ದೊರೆ ಕೇಳಿದ:
"ಇದಿನಬ್ಬಾ, ಮೇಲೆ ಈಗ ಆಳುವವರು ಯಾರು?"

"ಸದ್ಯಕ್ಕೆ ನಾನೇ, ಪ್ರಭೂ.
ರಾತ್ರಿ ಎಂಟರಿಂದ ಬೆಳಗಿನ ಆರರ ತನಕ."

ಯಾರೋ ನಕ್ಕರು. ಗುಳ್ಳೆಗಳೆದ್ದವು.

ಪಾಳಿಪುಸ್ತಕದಲ್ಲಿ ಬರೆದೆ: ವಿಶೇಷವೇನಿಲ್ಲ.
ಶಾಯಿ ಒಣಗುತ್ತಲೇ ಇಲ್ಲ.